ಶೇಖವ್ವನ ಕೂಲಿ

ಪರಳ, ಮುಂಬಯಿ
೧೨ ಜನವರಿ ೧೯೧೧

ತೀರ್ಥರೂಪರಾದ ಸೋದರಮಾವ ಶಿವಸಂಗಪ್ಪನವರಿಗೆ, ಮುಂಬಯಿಯಿಂದ ನಿಂಗಣ್ಣನ ನಮಸ್ಕಾರಗಳು.

ನಾನು ಗಟ್ಟಿಮುಟ್ಟಾಗಿದ್ದೇನೆ. ನಿಮ್ಮ ಕಾಗದ ತಿಂಗಳಿಗೊಂದು ತಪ್ಪದೆ ಬರುತ್ತದೆ. ಆದರೆ ಅದರಲ್ಲಿ ಮಗ್ಗದ ಸುದ್ದಿ ಒಂದು ಮೊಳ ಇದ್ದರೆ ಶೇಖವ್ವನ ಸುದ್ದಿ ಒಂದು ಗೇಣೂ ಇರುವುದಿಲ್ಲ. ಮಗಳನ್ನು ನನಗೆ ಕೊಟ್ಟವರು ನೀವೇ, ಆಕೆಯ ಸುದ್ದಿ ಕೊಡುವುದರಲ್ಲಿ ಇಷ್ಟು ಜಿಪುಣತನ ಯಾಕೆ?

ಈ ಸಲ ಒಂದು ದೊಡ್ಡ ಮಾತು ಬರೆಯುವುದಿದೆ. ನಾನು ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾದವು. ಹೋದ ತಿಂಗಳು ಗಿರಣಿಯಲ್ಲಿ ನನಗೆ ಎರಡನೆಯ ಮಗ್ಗ ಕೊಟ್ಟರು. ಪಗಾರ ಈಗ ಹತ್ತೊಂಬತ್ತು ರೂಪಾಯಿ. ಅವ್ವ ತೀರಿಕೊಂಡ ಮೇಲೆ ಆರು ವರ್ಷದ ನನ್ನನ್ನು ನೀವು ಮಗ್ಗದ ಕುಣಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಲಾಳಿ ಹಿಡಿಯಲು ಕಲಿಸಿದಿರಿ. ಇಲ್ಲಿ ಅನ್ನ ಹಾಕುತ್ತಿರುವುದು ಅದೇ ವಿದ್ಯೆ. ಇದನ್ನು ನಾನು ಮರೆತವನಲ್ಲ.

ಗಿರಣಿಯ ಹಿಂದಿನ ಚಾಳದಲ್ಲಿ ಒಂದು ಖೋಲಿ ಹಿಡಿದಿದ್ದೇನೆ. ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ, ಒಂದು ಕಿಟಕಿ. ಖರ್ಚನ್ನು ನಾಲ್ಕು ಸಲ ಎಣಿಸಿ ನೋಡಿದ್ದೇನೆ. ಬಾಡಿಗೆ ಮೂರೂವರೆ, ಕಾಳುಕಡಿಗೆ ಎಂಟು, ಉರುವಲು ಎಣ್ಣೆ ಉಪ್ಪು ಮೆಣಸಿನಕಾಯಿಗೆ ಮೂರು, ಕೆಲಸ ಹಂಚುವ ಮುಕಾದಮನ ಕೈ ಬೆಚ್ಚಗೆ ಮಾಡಲು ಒಂದು, ನಿಮಗೆ ಕಳಿಸಲು ಎರಡು. ಇಷ್ಟಾದ ಮೇಲೂ ಒಂದೂವರೆ ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಆದುದರಿಂದ ಯುಗಾದಿ ಮುಗಿದ ಮೇಲೆ ಶೇಖವ್ವನನ್ನೂ ಕೂಸು ಸಿದ್ದಿಯನ್ನೂ ಇಲ್ಲಿಗೆ ಕಳಿಸಿಕೊಡಬೇಕು. ನಾನು ಊರು ಬಿಟ್ಟಾಗ ಸಿದ್ದಿ ತೆವಳುತ್ತಿದ್ದಳು. ಈಗ ಓಡುತ್ತಾಳೆಂದು ನೀವೇ ಬರೆದಿರಿ. ಅವಳು ನಡೆದದ್ದನ್ನಂತೂ ನಾನು ನೋಡಲಿಲ್ಲ.

ಶೇಖವ್ವನಿಗೆ ಓದಲು ಬರುವುದಿಲ್ಲ, ಈ ಕಾಗದವನ್ನು ಆಕೆಗೆ ನೀವೇ ಓದಿ ಹೇಳಿರಿ. ಆಕೆ ಏನೆನ್ನುತ್ತಾಳೋ ಅದನ್ನು ಆಕೆಯ ಮಾತಿನಲ್ಲಿಯೇ ಬರೆಯಿರಿ.

ನಿಮ್ಮ ಅಳಿಯ,
ನಿಂಗಣ್ಣ

*

ಇಳಕಲ್ಲ
೨೬ ಜನವರಿ ೧೯೧೧

ಚಿರಂಜೀವಿ ನಿಂಗಣ್ಣನಿಗೆ ಮಾವನ ಆಶೀರ್ವಾದ.

ಎರಡನೆಯ ಮಗ್ಗ ಸಿಕ್ಕಿತೆಂದು ಓದಿ ಸಂತೋಷವಾಯಿತು. ಅದರ ಕೆಳಗೆ ಬರೆದದ್ದನ್ನು ಓದಿ ಆ ಸಂತೋಷ ಇಳಿಯಿತು. ಹತ್ತೊಂಬತ್ತು ರೂಪಾಯಿಯಲ್ಲಿ ಮುಂಬಯಿಯೊಳಗೆ ಸಂಸಾರ ಹೂಡುತ್ತೀಯಾ? ಹುನಗುಂದದ ಸಂತೆಯಾಚೆ ನಾನು ಏನನ್ನೂ ಕಂಡಿಲ್ಲವೆಂದು ತಿಳಿಯಬೇಡ, ಸೊಲ್ಲಾಪುರಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ. ಅಲ್ಲಿಯೇ ನೀರು ಕುಡಿಯಬೇಕಾದರೂ ಕೈ ಸೊಂಟಕ್ಕೆ ಹೋಗುತ್ತಿತ್ತು. ಮುಂಬಯಿ ಅದರಪ್ಪ.

ನಿನ್ನ ಖರ್ಚಿನ ಪಟ್ಟಿ ಬಹಳ ಚಂದ ಇದೆ. ಅದರಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರ ಬಟ್ಟೆಯೂ ಹರಿಯುವುದಿಲ್ಲ, ಗಿರಣಿ ಒಂದು ದಿನವೂ ಬಂದಾಗುವುದಿಲ್ಲ. ಇಲಿ ಬಿದ್ದು ಪ್ಲೇಗು ಬಂದರೆ ಏನು ಮಾಡುತ್ತೀ? ಇಲ್ಲಿಯಾದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳು ಕಳೆಯುತ್ತೇವೆ. ಅಲ್ಲಿ ಯಾರ ಹೊಲಕ್ಕೆ ಹೋಗುತ್ತೀ? ಇಲ್ಲಿ ಬಾವಿ ಹಿತ್ತಲಲ್ಲಿದೆ, ಅಲ್ಲಿ ನಳಕ್ಕೆ ಸಾಲು ನಿಲ್ಲಬೇಕೆಂದು ಕೇಳಿದ್ದೇನೆ. ಜೋಳದ ರೊಟ್ಟಿಯಿಲ್ಲದೆ ಶೇಖವ್ವನಿಗೆ ಉಂಡಂತೆಯೇ ಆಗುವುದಿಲ್ಲ, ಅದು ನಿನಗೂ ಗೊತ್ತು. ಉಣ್ಣುವ ಬಾಯಿ ಮೂರು, ದುಡಿಯುವ ಕೈ ಎರಡು. ನಾನು ಎಷ್ಟು ಸಲ ಎಣಿಸಿದರೂ ಇದು ಕೂಡಿ ಬರುವುದಿಲ್ಲ.

ಶೇಖವ್ವ, ಕೂಸು ಇಬ್ಬರೂ ಆರಾಮಾಗಿದ್ದಾರೆ. ಮೊನ್ನೆ ಉದ್ದೆಳೆಗಳ ಹಾಸು ಮುಗಿಯಿತು. ಹಳೆಯ ಹಾಸಿನ ತುದಿಗೆ ಹೊಸದನ್ನು ಕೆಚ್ಚುವ ಕೆಲಸ ನಡೆದಿದೆ. ಸಾವಿರಾರು ಎಳೆ, ಒಂದೊಂದನ್ನೂ ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದರಲ್ಲಿ ಆಕೆಗೆ ತಲೆ ಎತ್ತಲು ಪುರಸತ್ತಿಲ್ಲ.

ನಿನ್ನ ಕಾಗದಕ್ಕೆ ಆಕೆ ಏನೂ ಹೇಳಲಿಲ್ಲ.

ನಿನ್ನ ಮಾವ,
ಶಿವಸಂಗಪ್ಪ

*

ಪರಳ, ಮುಂಬಯಿ
೮ ಫೆಬ್ರುವರಿ ೧೯೧೧

ಮಾವನವರಿಗೆ ನಿಂಗಣ್ಣನ ನಮಸ್ಕಾರ.

ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ನಳಕ್ಕೆ ಸಾಲು ಇದೆ, ನಸುಕಿನಲ್ಲಿ ಎದ್ದು ಹೋದರೆ ನೀರು ಸಿಗುತ್ತದೆ. ನಮ್ಮ ಕಡೆಯ ಬಿಳಿಜೋಳ ಇಲ್ಲಿ ತುಟ್ಟಿ. ಸಜ್ಜೆ ತಿನ್ನುತ್ತೇವೆ, ಅಕ್ಕಿ ತಿನ್ನುತ್ತೇವೆ, ಯಾರೂ ಸತ್ತಿಲ್ಲ. ಜ್ವರ ಬಂದರೆ ಸರಕಾರದ ದವಾಖಾನೆ ಇದೆ. ಗಿರಣಿ ಬಂದಾದರೆ ಚಾಳದವರೆಲ್ಲ ಒಟ್ಟಿಗೇ ಉಪವಾಸ ಬೀಳುತ್ತಾರೆ, ಆಗ ಅಂಗಡಿಯವನು ಉದ್ರಿ ಕೊಡಲೇಬೇಕಾಗುತ್ತದೆ. ನಾನು ತಂಬಾಕು ಬಿಟ್ಟೆ. ಐತವಾರದ ಚಹಾ ಕೂಡ ಬಿಟ್ಟೆ.

ಇನ್ನು ನಿಮ್ಮ ಕಾಗದದ ಕೊನೆಯ ಸಾಲು. ಶೇಖವ್ವ ಏನೂ ಹೇಳಲಿಲ್ಲವೆಂದು ಬರೆದಿದ್ದೀರಿ. ಮಾವ, ನಮ್ಮ ಶೇಖವ್ವನೇ? ಮದುವೆಯಲ್ಲಿ ಅಕ್ಷತೆ ಬೀಳುವಾಗಲೂ ಪಕ್ಕದಲ್ಲಿದ್ದವಳಿಗೆ ಏನೋ ಹೇಳುತ್ತಿದ್ದವಳು ಆಕೆ. ಆಕೆ ಏನೂ ಹೇಳಲಿಲ್ಲವೆಂದರೆ ಜ್ವರ ಬಂದಿರಬೇಕು, ಇಲ್ಲವೇ ನನ್ನ ಮೇಲೆ ಸಿಟ್ಟು ಬಂದಿರಬೇಕು. ಬರಲು ಮನಸ್ಸಿಲ್ಲದಿದ್ದರೆ ಇಲ್ಲ ಅನ್ನಲಿ. ಒಂದು ವಾರ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತೇನೆ. ಆದರೆ ಈ ಸುಮ್ಮನಿರುವಿಕೆ ನನಗೆ ತಡೆಯಲಾಗುತ್ತಿಲ್ಲ. ಗಿರಣಿಯಲ್ಲಿ ಹನ್ನೆರಡು ತಾಸು ಅದೇ ತಲೆಯಲ್ಲಿ ತಿರುಗುತ್ತದೆ.

ದಯಮಾಡಿ ಮತ್ತೊಮ್ಮೆ ಕೇಳಿರಿ.

ಇನ್ನೊಂದು ಮಾತು. ಈಚೆಗೆ ನಿಮ್ಮ ಅಕ್ಷರಗಳು ಕಡಲೆಕಾಳಿನಷ್ಟು ದಪ್ಪವಾಗಿವೆ, ಸಾಲುಗಳು ಗುಡ್ಡ ಹತ್ತುತ್ತಿವೆ. ಕಣ್ಣು ನೆಟ್ಟಗಿವೆಯಷ್ಟೆ?

ನಿಂಗಣ್ಣ

*

ಇಳಕಲ್ಲ
೨೪ ಫೆಬ್ರುವರಿ ೧೯೧೧

ಚಿರಂಜೀವಿ ನಿಂಗಣ್ಣನಿಗೆ ಆಶೀರ್ವಾದ.

ನನ್ನ ಕಣ್ಣಿಗೆ ಏನೂ ಆಗಿಲ್ಲ. ದವತಿಯ ಶಾಯಿ ಕೆಟ್ಟಿದೆ.

ನಮ್ಮ ಪಕ್ಕದ ಮನೆಯ ಯಾಕೂಬಸಾಬ ಬಣ್ಣದ ಪುಡಿ ಕೊಳ್ಳಲು ಮುಂಬಯಿಗೆ ಹೊರಟಿದ್ದಾನೆ. ವರ್ಷಕ್ಕೆ ಎರಡು ಸಲ ಹೋಗುತ್ತಾನೆ, ಅಲ್ಲಿಯ ಬೆಲೆ ಬಲ್ಲವನು. ನಿನ್ನ ಖೋಲಿಗೆ ಬಂದು ನೋಡಿಕೊಂಡು ಬಾ ಎಂದು ಹೇಳಿದ್ದೇನೆ. ನೀನು ಬರೆದ ಹಾಗೆಯೇ ಇದೆಯೆಂದು ಅವನು ಹೇಳಿದರೆ ಮುಂದಿನ ವಿಚಾರ ಮಾಡೋಣ. ಬಾಯಿಗೆ ಬೀಗ ಇಲ್ಲದ ಮನುಷ್ಯ, ಆದರೆ ಸುಳ್ಳು ಹೇಳುವವನಲ್ಲ.

ಶೇಖವ್ವನಿಗೆ ಜ್ವರವೂ ಇಲ್ಲ, ಸಿಟ್ಟೂ ಇಲ್ಲ. ಈಗ ಸೀರೆ ಮಗ್ಗದ ಮೇಲಿದೆ. ನೂಲು ಕೊಟ್ಟ ಸಾವಕಾರ ಅವಸರ ಮಾಡುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಹೆಣ್ಣುಮಗಳ ತಲೆಯಲ್ಲಿ ಮುಂಬಯಿಯ ಹುಳ ಬಿಡುವುದು ಬೇಡವೆಂದು ನನಗೆ ಅನ್ನಿಸಿತು.

ಶಿವಸಂಗಪ್ಪ

*

ಪರಳ, ಮುಂಬಯಿ
೧೯ ಮಾರ್ಚ ೧೯೧೧

ಮಾವನವರಿಗೆ ನಮಸ್ಕಾರ.

ಯಾಕೂಬಸಾಬ ಬಂದು ಹೋದರು. ಈ ಹೊತ್ತಿಗೆ ಅವರು ರೈಲಿನಲ್ಲಿ ಇರಬಹುದು. ಅವರ ಬಾಯಿಂದ ಕೇಳುವ ಮೊದಲು ನನ್ನ ಕೈಯಿಂದಲೇ ಓದಿರೆಂದು ಇದನ್ನು ಬರೆಯುತ್ತಿದ್ದೇನೆ.

ಅವರು ಬರುವ ದಿನ ಖೋಲಿ ಬರಿದಾಗಿ ಕಾಣಬಾರದೆಂದು ಚಾಳದ ನಾಲ್ಕು ಮನೆಗಳಿಂದ ಹಿತ್ತಾಳೆಯ ಪಾತ್ರೆ ತಂದು, ತಿಕ್ಕಿ ಫಳಫಳ ಮಾಡಿ ಸಾಲಾಗಿ ಹೊಂದಿಸಿಟ್ಟೆ. ಯಾಕೂಬಸಾಬರು ಒಳಗೆ ಬಂದು ಕೂತರು, ಗೋಡೆ ನೋಡಿದರು, ಕಿಟಕಿ ನೋಡಿದರು, ಆಮೇಲೆ ಒಂದು ತಂಬಿಗೆಯನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಏ ನಿಂಗ್ಯಾ, ನಿನಗ ಹೆಸರ ಎಷ್ಟದಾವಲೇ?" ಅಂದರು. "ಈ ತಂಬಿಗಿ ಮ್ಯಾಲೆ ಗಣಪತ ಅಂತೈತಿ, ಆ ಕೊಡದ ಮ್ಯಾಲೆ ಕೊಂಡಿಬಾ ಅಂತೈತಿ, ಪರಾತದ ಮ್ಯಾಲೆ ಯಾವಾಕಿದೋ ಹೆಣ್ಣಮಗಳ ಹೆಸರ ಐತಿ. ಇದನ್ನ ಶೇಖವ್ವಗ ಹೇಳಲ್ಯಾ, ಬ್ಯಾಡೋ?"

ಮದುವೆಯಲ್ಲಿ ಕೊಟ್ಟ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತಾರೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರು ಕೆಮ್ಮು ಬರುವಷ್ಟು ನಕ್ಕರು. ಮೊದಲು ನನಗೂ ನಗು ಬಂತು. ಆಮೇಲೆ ಯಾಕೋ ಇದ್ದದ್ದನ್ನೆಲ್ಲ ಅವರ ಮುಂದೆ ಹೇಳಿಬಿಟ್ಟೆ. ನಿಮಗೂ ಹೇಳುತ್ತೇನೆ.

ನನ್ನ ಪಗಾರ ಹತ್ತೊಂಬತ್ತು ಅಲ್ಲ, ಹದಿನೈದು. ಎರಡು ಮಗ್ಗ ನಡೆಸುವ ಬೇರೆಯವರಿಗೆ ಹತ್ತೊಂಬತ್ತು ಬೀಳುತ್ತದೆ, ನನಗೆ ಬೀಳುವುದಿಲ್ಲ. ಇಲ್ಲಿ ಕೂಲಿ ಗಜದ ಮೇಲೆ. ಎಳೆ ಹರಿದರೆ ನಾನು ಮಗ್ಗ ನಿಲ್ಲಿಸುತ್ತೇನೆ, ಅದರ ಜೋಡಿ ಎಳೆ ಹುಡುಕುತ್ತೇನೆ, ಗಂಟು ಕಾಣದಂತೆ ಹೊಸೆದು ಕೂಡಿಸಿ ಮತ್ತೆ ನಡೆಸುತ್ತೇನೆ. ನೀವು ಕಲಿಸಿದ್ದು ಹಾಗೆ, ನನ್ನ ಕೈ ಬೇರೆ ರೀತಿ ಕೇಳುವುದಿಲ್ಲ. ನನ್ನ ಪಕ್ಕದ ಮಗ್ಗದವನು ಕಲಾದಗಿಯ ಶಾಬುದ್ದೀನ. "ಲೇ, ಇದು ಲಗ್ನದ ಸೀರಿ ಅಲ್ಲೋ, ಕೋರಾ ಬಟ್ಟಿ. ಯಾರ ನಿನ್ನ ಗಂಟ ಹುಡುಕಾಕ ಬರ್ತಾರ?" ಎಂದು ಅವನು ದಿನಾ ಬೈಯುತ್ತಾನೆ. ಅಷ್ಟರಲ್ಲಿ ಅವನ ಬಟ್ಟೆ ಹತ್ತು ಗಜ ಮುಂದೆ ಹೋಗಿರುತ್ತದೆ.

ಆದುದರಿಂದ ನಿಮ್ಮ ಲೆಕ್ಕವೇ ಗೆದ್ದಿತು, ಮಾವ: ಉಣ್ಣುವ ಬಾಯಿ ಮೂರು, ದುಡಿಯುವ ಕೈ ಎರಡು. ಹದಿನೈದರಲ್ಲಿ ಮೂವರು ಇಲ್ಲಿ ಬದುಕಲಾಗುವುದಿಲ್ಲ. ಖೋಲಿ ಬಿಟ್ಟು ಮತ್ತೆ ಹಿಂದಿನಂತೆ ಒಂಬತ್ತು ಜನರ ಜೊತೆ ಇದ್ದುಬಿಡುತ್ತೇನೆ. ಶೇಖವ್ವ ಅಲ್ಲಿಯೇ ಇರಲಿ. ಈ ಕಾಗದವನ್ನು ಮಾತ್ರ ಆಕೆಗೆ ಓದಿ ಹೇಳಬೇಡಿರಿ. ಸುಳ್ಳು ಬರೆದದ್ದಕ್ಕೆ ನಿಮ್ಮ ಕಾಲು ಹಿಡಿಯುತ್ತೇನೆ.

ನಿಂಗಣ್ಣ

*

ಇಳಕಲ್ಲ
೬ ಏಪ್ರಿಲ್ ೧೯೧೧

ಚಿರಂಜೀವಿ ನಿಂಗಣ್ಣನಿಗೆ ಮಾವ ಬರೆಯುವುದೇನೆಂದರೆ, ಖೋಲಿ ಬಿಟ್ಟಿದ್ದರೆ ಓಡಿಹೋಗಿ ಮತ್ತೆ ಹಿಡಿ. ಬಿಟ್ಟಿರದಿದ್ದರೆ ಕೂತು ಇದನ್ನು ಪೂರ್ತಿ ಓದು.

ನೀನು ಒಂದು ಸುಳ್ಳು ಬರೆದೆ. ನಾನು ಮೂರು ತಿಂಗಳಿಂದ ಸುಳ್ಳು ಓದುತ್ತಿದ್ದೇನೆ. ಯುಗಾದಿ ಮುಗಿದ ಮೇಲೆ ಕಳಿಸೆಂದು ನೀನು ಬರೆದದ್ದನ್ನು ನಾನು ಶೇಖವ್ವನಿಗೆ ಓದಿ ಹೇಳಲೇ ಇಲ್ಲ. ಖೋಲಿ, ಪಗಾರ, ಎರಡನೆಯ ಮಗ್ಗ ಎಲ್ಲವನ್ನೂ ಹಾರಿಸಿ, "ನಿಂಗಣ್ಣ ಆರಾಮದಾನ, ಕೂಸಿಗೆ ಮುದ್ದು ಹೇಳ್ಯಾನ" ಎಂದು ಓದಿದೆ. ಆಕೆ ಏನೂ ಹೇಳಲಿಲ್ಲವೆಂದು ನಿನಗೆ ಬರೆದದ್ದು ಖರೆಯೇ. ಕೇಳಿದ್ದರೆ ತಾನೇ ಹೇಳುವುದು?

ಯಾಕೂಬಸಾಬ ಮುಂಬಯಿಯಿಂದ ಬಂದವನು ಬಣ್ಣದ ಗಂಟನ್ನು ತನ್ನ ಮನೆಯಲ್ಲಿ ಇಳಿಸುವ ಮೊದಲೇ ನಮ್ಮ ಹಿತ್ತಲಿಗೆ ಬಂದ. ಶೇಖವ್ವ ಬಾವಿಯ ಹತ್ತಿರ ಇದ್ದಳು. ನಾನು ಮಗ್ಗದ ಕುಣಿಯಲ್ಲಿ ಕೂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಯಾವಾಗ ಹೊಂಟಿ ಶೇಖವ್ವಾ? ನಿನ್ನ ಗಂಡ ಖೋಲಿ ಹಿಡದು ಬಾಗಲಾ ನೋಡಕೋತ ಕುಂತಾನ."

"ಎಲ್ಲಿಗಿ ಕಾಕಾ?"

"ಮುಂಬೈಕ್ಕ! ಕಾಗದದಾಗ ಬರದಾನಂತಲ್ಲ?"

ನಾನು ಲಾಳಿ ಕೆಳಗಿಟ್ಟೆ. ಆಕೆ ಒಳಗೆ ಬಂದು ಗೂಡಿನಲ್ಲಿದ್ದ ನಿನ್ನ ಕಾಗದಗಳನ್ನೆಲ್ಲ ತೆಗೆದುಕೊಂಡು ಹೋಗಿ ಯಾಕೂಬಸಾಬನ ಕೈಗೆ ಕೊಟ್ಟು ಓದಿಸಿದಳು. ಎರಡು ದಿನದ ಮೇಲೆ ನಿನ್ನ ಪಾತ್ರೆಗಳ ಕಾಗದ ಬಂತು. ಅದನ್ನೂ ಅವನೇ ಓದಿದ. ಓದಬೇಡವೆಂದು ನೀನು ಬರೆದ ಸಾಲನ್ನೂ ಬಿಡದೆ ಓದಿದ. ಆಕೆ ಅಳುತ್ತಾಳೆ, ಬೈಯುತ್ತಾಳೆ ಎಂದು ನಾನು ಕಾದೆ. ಎರಡೂ ಇಲ್ಲ. ನನ್ನ ಮುಂದೆ ಬಂದು ಕೂತಳು.

"ಅಪ್ಪಾ, ನನಗ ಓದಾಕ ಬರೂದಿಲ್ಲ. ಕಿವಿ ಕೇಳ್ತಾವ," ಅಂದಳು. "ನೀವಿಬ್ಬರೂ ಕೂಡಿ ಮೂರ ತಿಂಗಳ ಲೆಕ್ಕಾ ಮಾಡೀರಿ. ಉಣ್ಣೂ ಬಾಯಿ ಮೂರು, ದುಡಿಯೂ ಕೈ ಎರಡು. ನನ್ನ ಬಾಯಿ ನಿಮಗ ಕಂಡೈತಿ. ನನ್ನ ಕೈ ಎಲ್ಲಿ ಹೋದೂವು?"

ನಾನು ಆಕೆಯ ಕೈ ನೋಡಿದೆ.

"ಯಾಕೂಬ ಕಾಕಾ ನೋಡಿ ಬಂದಾನ. ಗಿರಣಿ ಬಿಟ್ಟಾಗ ನೂರಾರು ಹೆಣ್ಣಮಕ್ಕಳು ಹೊರಗ ಬರ್ತಾರಂತ. ನೂಲ ಸುತ್ತೂ ಖಾತೆದಾಗ ಎಲ್ಲಾ ಅವರ ಅಂತ. ನಾ ಒಂಬತ್ತ ವರ್ಷದಾಕಿ ಇದ್ದಾಗಿಂದ ನಿನ್ನ ಕಂಡಿಕಿ ಸುತ್ತೇನಿ, ಹಾಸ ಕೆಚ್ಚೇನಿ. ಅಲ್ಲಿ ಸುತ್ತಾಕ ಬರೂದಿಲ್ಲೇನು?"

ನಿಂಗಣ್ಣ, ನಾವು ಮಗ್ಗದವರು ಮಾಡುವ ತಪ್ಪು ಇದು. ನಮ್ಮಲ್ಲಿ ಕೂಲಿ ಬರುವುದು ಮಗ್ಗಕ್ಕೆ. ಮಗ್ಗದ ಮೇಲೆ ಕೂತವನು ಗಂಡಸು, ಆದುದರಿಂದ ದುಡ್ಡು ಅವನ ಸೊಂಟಕ್ಕೆ. ಹೆಂಡತಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾಳೆ, ಮಗಳು ಎಳೆ ಕೂಡಿಸುತ್ತಾಳೆ, ಅದು ಒಲೆ ಹಚ್ಚುವ, ಕಸ ಹೊಡೆಯುವ ಸಾಲಿಗೆ ಸೇರಿಬಿಡುತ್ತದೆ. ನೀನೂ ಈ ಮನೆಯಲ್ಲಿ ಬೆಳೆದವನು, ನಿನ್ನ ಪಟ್ಟಿಯಲ್ಲಿಯೂ ಆಕೆಯ ಕೈ ಬರಲಿಲ್ಲ.

ಇನ್ನೂ ಒಂದು ಇದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಶಾಯಿ ಕೆಟ್ಟಿರಲಿಲ್ಲ. ಒಂದು ವರ್ಷದಿಂದ ನನಗೆ ಎಳೆ ಕಾಣುವುದಿಲ್ಲ. ಲಾಳಿ ಕೈಯ ರೂಢಿಯಿಂದ ಓಡುತ್ತದೆ, ಹರಿದ ಎಳೆಯನ್ನು ಹುಡುಕಿ ಕೊಡುವವಳು ಶೇಖವ್ವ. ಆಕೆ ಹೋದರೆ ಈ ಮಗ್ಗ ನಿಲ್ಲುತ್ತದೆಂದು ಹೆದರಿದೆ. ಮುಂಬಯಿಯ ಜೋಳ, ಮುಂಬಯಿಯ ನಳ, ಮುಂಬಯಿಯ ಇಲಿ ಎಲ್ಲ ನೆಪ. ನಾನು ಹೆದರಿದ್ದು ನನ್ನ ಹೊಟ್ಟೆಗೆ.

ಆಕೆಗೆ ಇದನ್ನೂ ಹೇಳಿದೆ. ಆಕೆ ಸಿಟ್ಟಿನಲ್ಲಿಯೇ ಇದ್ದಳು, ಆದರೂ ಮಗ್ಗದ ಮೇಲಿದ್ದ ಸೀರೆ ಮುಗಿಯುವವರೆಗೆ ಹಗಲೆಲ್ಲ ನನ್ನ ಪಕ್ಕದಲ್ಲಿ ಕೂತು ಎಳೆ ಹುಡುಕಿಕೊಟ್ಟಳು. ನಿನ್ನೆ ಸೀರೆ ಇಳಿಯಿತು. ಸೆರಗಿನಲ್ಲಿ ಒಂದು ತಪ್ಪಿಲ್ಲ. ಅದನ್ನು ಮಡಿಚಿಟ್ಟು, ಬುಟ್ಟಿ ಕಟ್ಟಲು ಕೂತಳು.

ನಿಮ್ಮ ಚಾಳದಲ್ಲಿಯೇ ಇರುವ ಬೇವೂರಿನ ಬಾಳಮ್ಮ ಹಬ್ಬಕ್ಕೆಂದು ಊರಿಗೆ ಬಂದವಳು, ಗಂಡನೊಡನೆ ಇದೇ ವಾರ ಮರಳುತ್ತಾಳಂತೆ. ಗಾಡಿ ಕಟ್ಟಿಸಿ ಬಾಗಲಕೋಟೆಯವರೆಗೆ ನಾನೇ ಹೋಗಿ ಅವರ ಜೊತೆ ರೈಲು ಹತ್ತಿಸುತ್ತೇನೆ. ನನ್ನ ಚಿಂತೆ ಮಾಡಬೇಡ. ಕೂಸನ್ನು ನಳದ ಹತ್ತಿರ ಬಿಡಬೇಡ.

ನಿನ್ನ ಮಾವ,
ಶಿವಸಂಗಪ್ಪ

*

ಪರಳ, ಮುಂಬಯಿ
೯ ಜುಲೈ ೧೯೧೧

ಮಾವನವರಿಗೆ ನಿಂಗಣ್ಣನ ನಮಸ್ಕಾರ.

ಮುಟ್ಟಿದರೆಂದು ಒಂದು ಕಾರ್ಡು ಬರೆದು ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕ್ಷಮೆಯಿರಲಿ. ಒಂದು ನೆಲೆಗೆ ಬಂದ ಮೇಲೆಯೇ ಬರೆಯಬೇಕೆಂದಿದ್ದೆ. ಈಗ ಬರೆಯಬಹುದು.

ಮೊದಲ ತಿಂಗಳು ಕಷ್ಟದ್ದೇ. ಸಿದ್ದಿ ನನ್ನನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅಡಗುತ್ತಿದ್ದಳು. ಶೇಖವ್ವ ಎರಡನೆಯ ದಿನವೇ ನಳದ ಸಾಲಿನಲ್ಲಿ ಜಗಳ ತೆಗೆದಳು. ಅವಳಿಗೆ ಮರಾಠಿ ಬರುವುದಿಲ್ಲ, ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಧ ತಾಸು ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದರು. ಈಗ ಆ ಹೆಂಗಸರೇ ಈಕೆಯ ಕೊಡಕ್ಕೆ ಜಾಗ ಹಿಡಿದಿಡುತ್ತಾರೆ.

ಬಾಳಮ್ಮ ಒಂದು ದಿನ ಅವಳನ್ನು ಗಿರಣಿಯ ನಾಯಕಿಣಿಯ ಹತ್ತಿರ ಕರೆದುಕೊಂಡು ಹೋದಳು. ಹೆಂಗಸರ ಖಾತೆಗೆ ಆಳು ತೆಗೆದುಕೊಳ್ಳುವವಳು ಅವಳೇ. ಅವಳು ಶೇಖವ್ವನನ್ನು ಮೇಲಿಂದ ಕೆಳಗೆ ನೋಡಿ, ಸಿಕ್ಕುಬಿದ್ದ ಒಂದು ಲಡಿ ನೂಲನ್ನು ಮುಂದೆ ಎಸೆದಳಂತೆ. ಬಿಡಿಸಲು ಎಷ್ಟು ಹೊತ್ತು ಬೇಕೆಂದು ಕೇಳುವಷ್ಟರಲ್ಲಿ ಶೇಖವ್ವ ಬಿಡಿಸಿ ಕೈಗೆ ಕೊಟ್ಟಳಂತೆ. ಮರುದಿನದಿಂದ ಕೆಲಸ. ಹಗಲು ಸಿದ್ದಿಯನ್ನು ಬಾಳಮ್ಮ ನೋಡಿಕೊಳ್ಳುತ್ತಾಳೆ, ಅವಳಿಗೂ ಅದೇ ವಯಸ್ಸಿನ ಕೂಸಿದೆ. ಅವಳಿಗೆ ತಿಂಗಳಿಗೆ ಒಂದು ರೂಪಾಯಿ ಕೊಡಬೇಕೆಂದು ಶೇಖವ್ವನೇ ಗೊತ್ತುಮಾಡಿದಳು. ಬಾಳಮ್ಮ ಬೇಡವೆಂದರೂ ಬಿಡಲಿಲ್ಲ.

ಇಲ್ಲಿ ಒಂದು ತಿಂಗಳ ಪಗಾರ ಹಿಡಿದಿಟ್ಟುಕೊಂಡು ಕೊಡುತ್ತಾರೆ. ನಿನ್ನೆ ಆಕೆಯ ಮೊದಲ ಪಗಾರ ಬಂತು. ಏಳು ರೂಪಾಯಿ ಹನ್ನೆರಡಾಣೆ. ನಾನು ಗಿರಣಿಯ ಬಾಗಿಲಲ್ಲಿ ಕಾದಿದ್ದೆ. ಮುಷ್ಟಿ ಬಿಗಿಹಿಡಿದು ಬಂದಳು. ನಾನು ರೂಢಿಯಂತೆ ಕೈ ಚಾಚಿದೆ.

"ಯಾಕ?" ಅಂದಳು.

"ಇಲ್ಲಿ ಕೊಡು, ಎಣಿಸಿ ಇಡ್ತೇನಿ."

"ನನಗ ಎಣಿಸಾಕ ಬರ್ತೈತಿ. ಒಂದಿಷ್ಟ ಹೊತ್ತ ನನ್ನ ಕೈಯಾಗ ಇರಲಿ."

ಖೋಲಿಗೆ ಬರುವವರೆಗೂ ಮುಷ್ಟಿ ಬಿಚ್ಚಲಿಲ್ಲ. ಬಂದು ಒಲೆಯ ಮುಂದೆ ಕೂತು, ನೆಲದ ಮೇಲೆ ಒಂದೊಂದಾಗಿ ಇಟ್ಟಳು. ಬಹಳ ಹೊತ್ತು ನೋಡಿದಳು. "ನನ್ನ ಕೈಯಾಗ ಯಾರೂ ಇಲ್ಲೀತನಕ ಕೂಲಿ ಇಟ್ಟಿದ್ದಿಲ್ಲ," ಅಂದಳು. ಸಿಟ್ಟಿನಿಂದ ಅನ್ನಲಿಲ್ಲ, ಆಶ್ಚರ್ಯಪಟ್ಟವಳಂತೆ ಅಂದಳು. ಆಮೇಲೆ ಅದರಲ್ಲಿ ಮೂರೂವರೆ ರೂಪಾಯಿ ಎತ್ತಿ ಬದಿಗಿಟ್ಟು, ಖೋಲಿಯ ಬಾಡಿಗೆ ಇನ್ನು ಮೇಲೆ ತನ್ನದು ಎಂದಳು. ನನಗೆ ಕಣ್ಣು ತುಂಬಿ ಬಂತು, ಹೊಗೆಯೆಂದು ಹೇಳಿ ಹೊರಗೆ ಹೋದೆ.

ನನ್ನ ಪಗಾರ ಹದಿನೇಳಕ್ಕೆ ಏರಿದೆ. ಗಂಟಿನ ವಿಷಯದಲ್ಲಿ ಶಾಬುದ್ದೀನನಿಂದ ಆಗದ್ದನ್ನು ಶೇಖವ್ವ ಮಾಡಿದಳು. ಒಂದು ಮೊಳ ಕೋರಾ ಬಟ್ಟೆಯನ್ನು ನನ್ನ ಮುಂದೆ ಹಿಡಿದು, ಇದರಲ್ಲಿ ನಿಮ್ಮ ಗಂಟು ಯಾವುದು, ಶಾಬುದ್ದೀನಣ್ಣನ ಗಂಟು ಯಾವುದು ತೋರಿಸಿರಿ ಎಂದಳು. ನನಗೆ ತೋರಿಸಲಾಗಲಿಲ್ಲ. ಈಗ ನನ್ನ ಕೈಯೂ ಓಡುತ್ತದೆ.

ಇಬ್ಬರದೂ ಸೇರಿ ಇಪ್ಪತ್ನಾಲ್ಕೂ ಮುಕ್ಕಾಲು. ನಿಮ್ಮ ಎರಡು ರೂಪಾಯಿ ಹೊರಟಿದೆ. ಮಾವ, ಸಂಸಾರ ನಡೆಯುತ್ತಿದೆ. ನನ್ನ ಎದೆಯ ಮೇಲಿನ ಕಲ್ಲು ಇಳಿದಿದೆ.

ನಿಮಗೆ ಏನು ಬರೆಯಲಿ ಎಂದು ಆಕೆಯನ್ನು ಕೇಳಿದೆ. "ಆಮ್ಯಾಲೆ ಹೇಳ್ತೇನಿ," ಅಂದಳು. ಅಷ್ಟೇ ಅಂದಳು, ಅಷ್ಟನ್ನೇ ಬರೆದಿದ್ದೇನೆ.

ನಿಂಗಣ್ಣ

*

ಇಳಕಲ್ಲ
೨೨ ಜುಲೈ ೧೯೧೧

ಮಗಳು ಶೇಖವ್ವನಿಗೆ ಅಪ್ಪನ ಆಶೀರ್ವಾದ. ನಿಂಗಣ್ಣ, ಇದು ಆಕೆಯ ಹೆಸರಿಗೆ ಬರೆದ ಕಾಗದ. ಒಂದು ಅಕ್ಷರ ಹಾರಿಸದೆ ಓದು. ಹಾರಿಸಿ ಓದುವ ವಿದ್ಯೆ ಈ ಮನೆಗೆ ಸಾಕು.

ಮಗಳೇ, ನಿನ್ನ ಏಳು ರೂಪಾಯಿ ಹನ್ನೆರಡಾಣೆಯ ಸುದ್ದಿಯನ್ನು ನಾನು ಬಾಗಿಲ ಬೆಳಕಿನಲ್ಲಿ ಕೂತು ಓದಿದೆ. ಆ ಹೊತ್ತಿಗೆ ಯಾಕೂಬಸಾಬ ಬಂದ. ಅವನ ಮುಂದೆ ಇನ್ನೊಮ್ಮೆ ಓದಿದೆ. ಆಮೇಲೆ ಅವನಿಗೆ ಕಾಣದಂತೆ ಮುಖ ಒರೆಸಿಕೊಂಡೆ, ಆದರೂ ಅವನು ಕಂಡನೆಂದು ತೋರುತ್ತದೆ.

ಮಗ್ಗ ನಿಂತಿಲ್ಲ. ನೀನು ಹೋದ ಹದಿನೈದು ದಿನ ನಿಂತಿತ್ತು, ನಾನು ಗೋಡೆ ನೋಡುತ್ತ ಕೂತಿದ್ದೆ. ಯಾಕೂಬಸಾಬನ ಹೆಂಡತಿ ಬಾನುಬಿಯ ತವರು ಮಗ್ಗದ ಮನೆ ಎಂಬುದು ನನಗೆ ಇಷ್ಟು ವರ್ಷ ನೆನಪಾಗಿರಲಿಲ್ಲ. ಆಕೆಯೇ ಬಂದು, "ಅಣ್ಣಾ, ಹಾಸ ನಾ ಕೆಚ್ಚಿ ಕೊಡ್ತೇನಿ" ಅಂದಳು. ನಾಲ್ಕು ದಿನದಲ್ಲಿ ಮುಗಿಸಿದಳು. ಈಗ ಸೀರೆ ನೇಯುವಾಗಲೂ ಬಂದು ಪಕ್ಕದಲ್ಲಿ ಕೂಡುತ್ತಾಳೆ. ಮೊನ್ನೆ ಸಾವಕಾರನಿಂದ ಮಗ್ಗದ ಕೂಲಿ ಬಂತು. ಅದರಲ್ಲಿ ಬಾನುಬಿಯ ಪಾಲನ್ನು ಎಣಿಸಿ ಆಕೆಯ ಕೈಯಲ್ಲಿಯೇ ಇಟ್ಟೆ. ಯಾಕೂಬಸಾಬ ಅಲ್ಲಿಯೇ ನಿಂತಿದ್ದ.

"ಏನ ಮಾಡಿದ್ಯೋ ಮಾರಾಯಾ," ಅಂದ. "ಇನ್ನ ಮ್ಯಾಲೆ ನಾ ಎಲೆ-ಅಡಿಕಿಗೆ ಆಕೀನ್ನ ಕೇಳಬೇಕೇನು?"

"ಕೇಳ್ರಿ, ಕೊಟ್ಟರ ಕೊಟ್ಟೇನು," ಎಂದು ಬಾನುಬಿ ಸೆರಗಿನ ತುದಿಗೆ ದುಡ್ಡು ಗಂಟು ಹಾಕಿಕೊಂಡು ಹೋದಳು. ಅವನು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಎಲೆ-ಅಡಿಕೆ ಹಾಕಿಕೊಂಡೇ ಬಂದ.

ನಿನ್ನವ್ವ ದುರ್ಗವ್ವ ಸಾಯುವವರೆಗೆ, ಇಪ್ಪತ್ತು ವರ್ಷ, ಈ ಮಗ್ಗಕ್ಕೆ ಹಾಸು ಕೆಚ್ಚಿದಳು. ಆಕೆಗೆ ಸೀರೆ ತಂದೆ, ಬಳೆ ಇಡಿಸಿದೆ, ಅದನ್ನೇ ನನ್ನ ದೊಡ್ಡಸ್ತಿಕೆಯೆಂದು ತಿಳಿದೆ. ಇದು ನಿನ್ನದು ಎಂದು ಒಂದು ದುಡ್ಡನ್ನೂ ಆಕೆಯ ಕೈಯಲ್ಲಿ ಇಡಲಿಲ್ಲ. ಆಕೆಯ ಜಾಗಕ್ಕೆ ನಿನ್ನನ್ನು ಕೂಡಿಸಿದೆ, ನಿನಗೂ ಕೊಡಲಿಲ್ಲ. ಕಡೆಗೆ ನಿನ್ನ ಗಂಡನ ಮಾತನ್ನೂ ನಿನಗೆ ಮುಟ್ಟಗೊಡಲಿಲ್ಲ. ತಪ್ಪಾಯಿತು, ಮಗಳೇ. ಹಿರಿಯರು ಚಿಕ್ಕವರಿಗೆ ಹೀಗೆ ಬರೆಯಬಾರದೆನ್ನುತ್ತಾರೆ. ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಿಮ್ಮ ಎರಡು ರೂಪಾಯಿ ಮುಟ್ಟಿತು. ಇನ್ನು ಕಳಿಸಬೇಡಿರಿ, ಕೂಸಿಗೆ ಹಾಲು ಹಾಕಿಸಿರಿ.

ನಿನ್ನ ಅಪ್ಪ

*

ಪರಳ, ಮುಂಬಯಿ
೮ ಆಗಸ್ಟ್ ೧೯೧೧

ಅಪ್ಪಾ,

ಇದನ್ನ ನಾ ಹೇಳಾಕತ್ತೇನಿ, ಇವರು ಬರಿಯಾಕತ್ತಾರ. ಹೇಳಿದಾಂಗ ಬರೀರಿ, ಚಂದ ಮಾಡಾಕ ಹೋಗಬ್ಯಾಡ್ರಿ ಅಂತ ಹೇಳೇನಿ.

ನಾವೆಲ್ಲಾರೂ ಆರಾಮ ಅದೇವಿ. ನೀ ಕೇಳಿದ್ದಿಯಲ್ಲಾ, ಇಷ್ಟ ಪಗಾರದಾಗ ಮುಂಬೈದಾಗ ಸಂಸಾರ ಆಕೈತೇನು ಅಂತ? ಆಕೈತಿ. ಭಾಳ ಸುಖ ಅಂತ ಹೇಳೂದಿಲ್ಲ. ಖೋಲಿ ಸಣ್ಣದು, ಮಳಿ ಬಂದರ ಗ್ವಾಡಿ ತೊಯ್ತೈತಿ, ನಿಂತ ನಿಂತ ಸಂಜೀಕ ಕಾಲ ಹರೀತಾವ. ಆದರ ಮೂರೂ ಮಂದಿ ಹೊಟ್ಟಿತುಂಬ ಉಣತೇವಿ. ಸಿದ್ದಿ ಈಗ ಇವರ ಹೆಗಲ ಬಿಟ್ಟ ಇಳಿಯಾಕ ಒಲ್ಲಳು. ನನಗಂತೂ ಮನಸಿಗೆ ಹಗುರಾಗೈತಿ.

ಬಾನುಬಿ ಚಿಗವ್ವಗ ನಾ ಕೇಳೇನಿ ಅಂತ ಹೇಳು. ಸಂಜಿ ಬೆಳಕಿನಾಗ ಎಳಿ ಹುಡುಕಬ್ಯಾಡ ಅನ್ನು. ನೀನೂ ಕೂಡಬ್ಯಾಡ. ದೀಪಾವಳಿಗೆ ಗಿರಣಿ ಸೂಟಿ ಇರತೈತಿ. ಆವಾಗ ನೀ ಇಲ್ಲಿಗಿ ಬಾ. ಇಲ್ಲಿ ಕಣ್ಣಿನ ದೊಡ್ಡ ದವಾಖಾನಿ ಐತಿ, ತೋರಸೋಣ. ನಳದ ಸಾಲಿನಾಗ ನಾನೂ ನಿಲ್ಲೂದಿಲ್ಲ, ನಿನ್ನನ್ನೂ ನಿಲ್ಲಸೂದಿಲ್ಲ.

ಸುಳ್ಳ ಯಾಕ ಹೇಳ್ಲಿ, ಬಂದಾಗಿಂದ ನಿನ್ನ ಮ್ಯಾಲೆ ಸಿಟ್ಟ ಇತ್ತು. ಅದಕ್ಕ ಏನೂ ಬರಸಿದ್ದಿಲ್ಲ. ನಿನ್ನ ಕಾಗದ ಬಂತಲ್ಲ, ಮೊದಲ ಇವರ ಕಡೆ ಓದಿಸಿದೆ. ಆಮ್ಯಾಲೆ ಐತವಾರ ಇವರು ಕ್ಷೌರಕ್ಕ ಹೋದಾಗ ಅದನ್ನ ಒಯ್ದು ಶಾಬುದ್ದೀನಣ್ಣನ ಕಡೆ ಮತ್ತೊಮ್ಮೆ ಓದಿಸಿದೆ. (ಮಾವ, ಇದು ನನಗೂ ಈಗಲೇ ಗೊತ್ತಾದದ್ದು. — ನಿಂಗಣ್ಣ)

ಇಬ್ಬರೂ ಒಂದ ನಮೂನಿ ಓದಿದರು. ತಪ್ಪಾಯಿತು ಮಗಳೇ ಅನ್ನೋದು ಎರಡೂ ಸಲ ಇತ್ತು.

ನಿನ್ನ ಶೇಖವ್ವ